ಟೊಮೆಟೊ ಸಸಿ ಸುಟ್ಟದ್ದು ಚಂದ್ರನಲ್ಲ

ಶಿಕಾಗೊ ಸುತ್ತಮುತ್ತಲ ಊರುಗಳಲ್ಲಿ ಮೇ ತಿಂಗಳ ಎರಡನೇ ಭಾನುವಾರ, ಅಂದರೆ ಅಮ್ಮಂದಿರ ದಿನ, ಟೊಮೆಟೊ ನೆಡುವ ಮುಹೂರ್ತ ಎಂದೇ ಲೆಕ್ಕ. ನರ್ಸರಿಗಳಲ್ಲಿ ಜಾತ್ರೆ. ಆದರೆ ಹುಣ್ಣಿಮೆ ಹತ್ತಿರವಿದ್ದರೆ ಹಳೇ ತೋಟಗಾರರು ಸಸಿಯನ್ನು ನೆಲಕ್ಕಿಳಿಸಲು ಹಿಂದೆಮುಂದೆ ನೋಡುತ್ತಾರೆ. ಬೆಳದಿಂಗಳಿನ ಜೊತೆ ಫ್ರಾಸ್ಟ್ (ಗಿಡದ ಮೇಲೆ ಕೂರುವ ಹಿಮದ ಹರಳು) ಬರುತ್ತದಂತೆ, ಬೆಳಗಾಗುವಷ್ಟರಲ್ಲಿ ಎಲೆ ಕಪ್ಪಾಗಿ ಜೋತುಬೀಳುತ್ತದಂತೆ. ಊರಲ್ಲಿ ತಿಥಿ ನೋಡಿ ಬಿತ್ತುವುದನ್ನು ಕಂಡುಬಂದ ನಮ್ಮವರು ಇದಕ್ಕೆ ಬೇಗ ತಲೆದೂಗುತ್ತಾರೆ.

ಫ್ರಾನ್ಸಿನ ತೋಟಗಾರರೂ ಹೀಗೇ ನಂಬಿದ್ದರು. ಏಪ್ರಿಲ್-ಮೇ ತಿಂಗಳ ಚಂದ್ರನಿಗೆ ‘ಕೆಂಪು ಚಂದ್ರ’ ಎಂದು ಹೆಸರಿಟ್ಟು, ಎಳೆ ಚಿಗುರನ್ನು ಕೆಂಪಗೆ ಸುಡುವವನು ಅವನೇ ಎಂದಿದ್ದರು. ದೊರೆ ಹದಿನೆಂಟನೇ ಲೂಯಿ ಇದರ ಬಗ್ಗೆ ಕೇಳಿದಾಗ, ಗ್ರಹಗಳ ಚಲನೆಯನ್ನೆಲ್ಲ ಗಣಿತಕ್ಕೆ ಇಳಿಸಿದ್ದ ಲಾಪ್ಲಾಸ್ ಬಳಿ ಉತ್ತರವಿರಲಿಲ್ಲ. ಆಮೇಲೆ ಖಗೋಳವಿಜ್ಞಾನಿ ಅರಾಗೊ ಬಿಡಿಸಿ ಹೇಳಿದ: ಚಂದ್ರ ಕಾಣಬೇಕಾದರೆ ಆಕಾಶ ತಿಳಿಯಾಗಿರಬೇಕು, ಎಲೆ ಸುಡುವುದೂ ತಿಳಿ ಆಕಾಶದ ರಾತ್ರಿಯಲ್ಲೇ. ಮೋಡ ಕವಿದರೆ ಚಂದ್ರನೂ ಇಲ್ಲ, ಸುಡುವುದೂ ಇಲ್ಲ. ಅಮಾವಾಸ್ಯೆಯ ತಿಳಿ ರಾತ್ರಿ ಸತ್ತ ಸಸಿಗಳನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಮಧ್ಯ ಯೂರೋಪಿನದು ಇನ್ನೊಂದು ಕತೆ. ಮೇ 11ರಿಂದ 15ರವರೆಗೆ ‘ಹಿಮ ಸಂತರ’ ಹಬ್ಬಗಳು. ಅವು ಮುಗಿಯುವ ತನಕ ಏನನ್ನೂ ನೆಡಬಾರದು. 1582ರಲ್ಲಿ ಪೋಪ್ ಗ್ರೆಗರಿ ಕ್ಯಾಲೆಂಡರಿನಿಂದ ಹತ್ತು ದಿನ ಕಿತ್ತುಹಾಕಿದರಲ್ಲ, ಈ ನಂಬಿಕೆ ಅದಕ್ಕೂ ಹಳೆಯದಾಗಿದ್ದರೆ ಸಂತರೆಲ್ಲ ಹತ್ತು ದಿನ ಮುಂಚೆ ಬಂದುಬಿಟ್ಟರು, ಚಳಿ ಮಾತ್ರ ಸೂರ್ಯನ ಲೆಕ್ಕದಲ್ಲೇ ಉಳಿಯಿತು!

ಹಾಗಾದರೆ ಸುಟ್ಟದ್ದು ಯಾರು? ಹವಾಮಾನ ವರದಿ ‘ಕನಿಷ್ಠ 3 ಡಿಗ್ರಿ ಸೆಲ್ಸಿಯಸ್’ ಎಂದಿರುತ್ತದೆ, ಬೆಳಿಗ್ಗೆ ನೋಡಿದರೆ ಹುಲ್ಲಿನ ಮೇಲೆ ಬಿಳಿ ಹರಳು. ವರದಿ ಸುಳ್ಳಲ್ಲ. ಆ 3 ಡಿಗ್ರಿ, ನೆಲದಿಂದ ಒಂದೂವರೆ-ಎರಡು ಮೀಟರ್ ಎತ್ತರದ ಗಾಳಿಯದು. ನಿಮ್ಮ ಸಸಿಯ ಎಲೆಯ ಉಷ್ಣತೆಯನ್ನು ಯಾರೂ ಅಳೆದಿಲ್ಲ. ಎಲೆಯದು ಬೇರೆಯೇ ಜಮಾ-ಖರ್ಚು. 4 ಡಿಗ್ರಿಯಲ್ಲಿರುವ ಎಲೆ, ಚದರ ಮೀಟರಿಗೆ ಸುಮಾರು 330 ವ್ಯಾಟ್‌ನಷ್ಟು ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು (ಇನ್ಫ್ರಾರೆಡ್) ಕಿರಣಗಳಾಗಿ ಆಕಾಶದತ್ತ ಸೂಸುತ್ತಲೇ ಇರುತ್ತದೆ. ತಗ್ಗಿನಲ್ಲಿ ದಪ್ಪ ಮೋಡವಿದ್ದರೆ ಅದು ಹೆಚ್ಚುಕಡಿಮೆ ಅಷ್ಟನ್ನೇ ಎಲೆಗೆ ಮರಳಿಸುತ್ತದೆ. ತಿಳಿ, ಒಣ ಆಕಾಶ ಮರಳಿಸುವುದು ಸುಮಾರು 250 ವ್ಯಾಟ್. ಏಕೆಂದರೆ 8ರಿಂದ 13 ಮೈಕ್ರೋಮೀಟರ್ ತರಂಗಾಂತರದ ಕಿರಣಗಳನ್ನು ಗಾಳಿ ಅಷ್ಟಾಗಿ ತಡೆಯುವುದಿಲ್ಲ. ಅವು ಹೆಚ್ಚಾಗಿ ನೇರ ಬಾಹ್ಯಾಕಾಶಕ್ಕೆ ನಡೆದುಬಿಡುತ್ತವೆ. ಕೊರತೆ 80 ವ್ಯಾಟ್, ಅದೂ ರಾತ್ರಿಯಿಡೀ. ಗಾಳಿ ಬೀಸುತ್ತಿದ್ದರೆ ಮೇಲಿನ ಬೆಚ್ಚನೆ ಗಾಳಿ ಕೆಳಗಿಳಿದು ಒಂದಿಷ್ಟು ತುಂಬಿಕೊಡುತ್ತಿತ್ತು. ಅಂದು ಗಾಳಿಯೂ ಇಲ್ಲ. ಎಲೆ ತನ್ನ ಸುತ್ತಲ ಗಾಳಿಗಿಂತ ತಣ್ಣಗಾಗಿ ಸೊನ್ನೆ ದಾಟುತ್ತದೆ.

ಇದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟವನು ವೃತ್ತಿಯಲ್ಲಿ ವೈದ್ಯ. ಲಂಡನ್ನಿನ ವಿಲಿಯಂ ಚಾರ್ಲ್ಸ್ ವೆಲ್ಸ್ ನಾಲ್ಕು ಸಣ್ಣ ಕಡ್ಡಿ ನೆಟ್ಟು, ಹುಲ್ಲಿನ ಮೇಲೆ ಆರಂಗುಲ ಎತ್ತರದಲ್ಲಿ ಒಂದು ತೆಳು ಕರವಸ್ತ್ರ ಕಟ್ಟಿದ. ಅದರಡಿಯ ಹುಲ್ಲು ಪಕ್ಕದ ಬಯಲು ಹುಲ್ಲಿಗಿಂತ ಬೆಚ್ಚಗಿತ್ತು. ಅಷ್ಟು ತೆಳು ಚಾಪೆ ಹೊದಿಸಿ ಗಿಡ ಕಾಯುತ್ತೇವೆನ್ನುವ ತೋಟಗಾರರನ್ನು ಕಂಡು, ಅರೆಜ್ಞಾನದ ಜಂಬದಲ್ಲಿ ಎಷ್ಟೋ ಸಲ ನಕ್ಕಿದ್ದೆ ಎಂದು 1814ರ ತನ್ನ ಇಬ್ಬನಿಯ ಪ್ರಬಂಧದಲ್ಲಿ ಅವನೇ ಬರೆದಿದ್ದಾನೆ. ಅವನ ವಾದಕ್ಕೆ ಬಲ ಕೊಟ್ಟದ್ದು ನಮ್ಮ ದೇಶ. ಅಲಹಾಬಾದಿನಲ್ಲಿ ಚಳಿಗಾಲದ ತಿಳಿ ರಾತ್ರಿಗಳಲ್ಲಿ ಮಂಜುಗಡ್ಡೆ ಮಾಡುವ ವಿಧಾನವನ್ನು ಬ್ರಿಟಿಷ್ ಸೇನಾಧಿಕಾರಿ ರಾಬರ್ಟ್ ಬಾರ್ಕರ್ 1775ರಲ್ಲೇ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ತಿಳಿಸಿದ್ದ: ಎರಡಡಿ ಆಳದ ಗುಂಡಿ, ತಳಕ್ಕೆ ಕಬ್ಬಿನ ಅಥವಾ ಮೆಕ್ಕೆಜೋಳದ ಒಣ ದಂಟು, ಅದರ ಮೇಲೆ ಮಣ್ಣಿನ ತಟ್ಟೆಗಳಲ್ಲಿ ನೀರು. ನೀರು ಆವಿಯಾಗಿ ಹೆಪ್ಪುಗಟ್ಟುತ್ತದೆ ಎಂದು ಆಗ ಹೇಳುತ್ತಿದ್ದರು. ಅಲ್ಲ, ಶಾಖವನ್ನು ಆಕಾಶಕ್ಕೆ ಸೂಸಿ ಹೆಪ್ಪುಗಟ್ಟುತ್ತದೆ ಎಂದ ವೆಲ್ಸ್. ದಂಟಿನ ಹಾಸು ನೆಲದ ಬಿಸಿಯನ್ನು ತಡೆಯುವುದಕ್ಕೆ. ಟೊಮೆಟೊಗೆ ನಾವು ಮಾಡಬೇಕಾದ್ದು ಇದಕ್ಕೆ ತದ್ವಿರುದ್ಧ: ಮೇಲೆ ಮುಚ್ಚಬೇಕು, ಕೆಳಗೆ ತೆರೆದಿಡಬೇಕು.

ಇಲ್ಲೇ ಜನ ಎಡವುವುದು. ಗಿಡದ ತಲೆಗೆ ಬಟ್ಟೆ ಸುತ್ತಿ ಕಾಂಡಕ್ಕೆ ದಾರ ಬಿಗಿಯುತ್ತಾರೆ. ಹಗಲೆಲ್ಲ ಬಿಸಿಲುಂಡ ಮಣ್ಣಿನ ಶಾಖ ಹೊರಗೇ ಪೋಲಾಗುತ್ತದೆ. ಬಟ್ಟೆ ಡೇರೆಯಂತೆ ನೆಲ ಮುಟ್ಟಬೇಕು. ಅಂಗಡಿಯಿಂದ ತಂದ ತೆಳು ಪಾರದರ್ಶಕ ಪಾಲಿಥೀನ್ ಹಾಳೆಗಿಂತ ಅಟ್ಟದ ಮೇಲಿರುವ ಹಳೇ ಹತ್ತಿ ಪಂಚೆಯೇ ವಾಸಿ: ಪಾಲಿಥೀನ್ ಗಾಳಿಯನ್ನು ತಡೆದರೂ ಅವಕೆಂಪು ಕಿರಣಗಳನ್ನು ಬಿಟ್ಟುಕೊಡುತ್ತದೆ. ಅದರ ಒಳಮೈಗೆ ನೀರಹನಿ ಕಟ್ಟಿದ ಮೇಲಷ್ಟೇ ಆ ನೀರಿನ ಪದರ ಕಿರಣಗಳನ್ನು ತಡೆಯುತ್ತದೆ. ಮಧ್ಯಾಹ್ನವೇ ಮಣ್ಣಿಗೆ ನೀರು ಹಾಯಿಸಿ. ಒದ್ದೆ ಮಣ್ಣು ಹೆಚ್ಚು ಶಾಖ ಹಿಡಿದಿಟ್ಟು, ರಾತ್ರಿ ಅದನ್ನು ಸರಾಗವಾಗಿ ಮೇಲಕ್ಕೆ ಬಿಡುತ್ತದೆ.

ವರದಿಯಲ್ಲಿ ಕನಿಷ್ಠ ತಾಪಮಾನಕ್ಕಿಂತ ಇಬ್ಬನಿ ಬಿಂದುವನ್ನು, ಅಂದರೆ ಗಾಳಿಯ ನೀರಾವಿ ಇಬ್ಬನಿಯಾಗತೊಡಗುವ ಉಷ್ಣತೆಯನ್ನು, ನೋಡುವುದು ಜಾಣತನ. ಅದು 6-7 ಡಿಗ್ರಿಯಿದ್ದರೆ ಎಲೆಯ ಮೇಲೆ ಬೇಗ ಇಬ್ಬನಿ ಕೂರುತ್ತದೆ, ಪ್ರತಿ ಕಿಲೋ ಇಬ್ಬನಿಯೂ 25 ಲಕ್ಷ ಜೌಲ್ ಶಾಖ ಬಿಟ್ಟುಕೊಟ್ಟು ತಣಿಯುವ ವೇಗವನ್ನು ತಗ್ಗಿಸುತ್ತದೆ. ಕೆನಡಾದ ಒಣಗಾಳಿ ಬಂದು ಇಬ್ಬನಿ ಬಿಂದು ಸೊನ್ನೆಗಿಂತ ಕೆಳಗಿಳಿದು, ಸಂಜೆ ಗಾಳಿ ನಿಂತು, ಆಕಾಶ ತಿಳಿಯಾದರೆ ಪಂಚೆ ಹೊರಗೆ ಬರಲಿ. ಆದರೆ ಸೊನ್ನೆಗಿಂತ ತಣ್ಣನೆಯ ಗಾಳಿಯೇ ರಾತ್ರಿಯಿಡೀ ಬೀಸುತ್ತಿದ್ದರೆ ಪಂಚೆಯಿಂದ ಹೆಚ್ಚೇನೂ ಆಗದು; ಕುಂಡಗಳನ್ನು ಗ್ಯಾರೇಜಿಗೆ ಸೇರಿಸಿ.

ಅವರೆಕಾಯಿ ಪ್ರಿಯರದು ಬೇರೆ ದುಃಖ. ಬಳ್ಳಿ ಬೇಸಿಗೆಯಿಡೀ ಬೇಲಿ ತುಂಬ ಹಬ್ಬುತ್ತದೆ, ಹೂ ಮಾತ್ರ ಇಲ್ಲ. ಗೊಬ್ಬರವನ್ನು ಬೈದು ಪ್ರಯೋಜನವಿಲ್ಲ. ನಾಟಿ ಅವರೆ ಹೂಬಿಡುವುದು ಹಗಲು ಚಿಕ್ಕದಾದಾಗ. ಜೂನ್‌ನಲ್ಲಿ ಬೆಂಗಳೂರಿನ ಅತಿ ದೊಡ್ಡ ಹಗಲು ಸುಮಾರು 13 ಗಂಟೆ, ಶಿಕಾಗೊದ್ದು 15 ಗಂಟೆಗೂ ಮಿಗಿಲು. ಸೆಪ್ಟೆಂಬರ್ ಕೊನೆಗೆ ಹಗಲು 12 ಗಂಟೆಗಿಂತ ಕಿರಿದಾಗಿ ಬಳ್ಳಿ ಮನಸ್ಸು ಮಾಡುವಷ್ಟರಲ್ಲಿ ಅಕ್ಟೋಬರಿನ ಫ್ರಾಸ್ಟ್ ಎದುರಿಗಿರುತ್ತದೆ. ಹಗಲಿನ ಉದ್ದಕ್ಕೆ ಕಾಯದ, ಗಿಡ್ಡ ಗಿಡದ ಎಚ್‌ಎ-4 (ಹೆಬ್ಬಾಳ ಅವರೆ-4) ತಳಿಯನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಎಂದೋ ಹೊರತಂದಿದೆ. ಬೀಜ ತರಿಸಿಕೊಳ್ಳುವ ಮುನ್ನ ಅಮೆರಿಕದ ಆಮದು ನಿಯಮ ನೋಡಿಕೊಂಡು, ಮೇ ಕೊನೆಯಲ್ಲಿ ಮಣ್ಣು ಬೆಚ್ಚಗಾದ ಮೇಲೆ ಅದನ್ನು ಬಿತ್ತಬಹುದು. ಹುಣ್ಣಿಮೆಯಂದು ಬಿತ್ತಿದರೂ ನಡೆಯುತ್ತದೆ.