ಜನ ಎತ್ತರಿಸಿದ ನೆಲ ಕುಸಿದದ್ದು ಹೇಗೆ: ಹೌಜಿಂಗೆಯ ಹಿನ್ನೆಲೆ

ನೆದರ್ಲೆಂಡ್ಸ್‌ನ ಈಶಾನ್ಯದ ಗ್ರೋನಿಂಗನ್ ಪ್ರಾಂತ್ಯದಲ್ಲಿರುವ ಹೌಜಿಂಗೆ ನಕ್ಷೆಯಲ್ಲಿ ಹುಡುಕಿ ನೋಡಬೇಕಾದಷ್ಟು ಪುಟ್ಟ ಹಳ್ಳಿ. ಉಬ್ಬರದ ನೀರು ಹೊಲಗಳವರೆಗೆ ನುಗ್ಗುತ್ತಿದ್ದ ಕಾಲದಲ್ಲಿ, ಕಡಲ ಒಡ್ಡುಗಳು ಏಳುವುದಕ್ಕೂ ಬಹಳ ಮೊದಲು, ಈ ಭಾಗದ ಜನ ಜೇಡಿಮಣ್ಣು, ಸಗಣಿಗಳನ್ನು ಒಟ್ಟಿ ದಿಬ್ಬ ಕಟ್ಟಿಕೊಂಡು ಅದರ ಮೇಲೆ ಬಾಳಿದರು. ಸ್ಥಳೀಯರು ‘ವೀರ್ಡೆ’ ಎಂದು ಕರೆಯುವ ಅಂಥದ್ದೊಂದು ದಿಬ್ಬದ ಮೇಲೆಯೇ ಊರಿನ 13ನೇ ಶತಮಾನದ ಇಟ್ಟಿಗೆಯ ಚರ್ಚು ನಿಂತಿದೆ. ಒಡ್ಡುಗಳು ಬಂದವು, ಗದ್ದೆಗಳಾದವು, ಶತಮಾನಗಳು ಸದ್ದಿಲ್ಲದೆ ಸರಿದವು.

1959ರಲ್ಲಿ ಇದೇ ಪ್ರಾಂತ್ಯದ ಸ್ಲಾಖ್ಟೆರೆನ್ ಬಳಿ, ಸುಮಾರು 3 ಕಿ.ಮೀ. ಆಳದ ಮರಳುಗಲ್ಲಿನಲ್ಲಿ ನೈಸರ್ಗಿಕ ಅನಿಲ ಸಿಕ್ಕಿತು. ದೇಶದ ಒಲೆಗಳೆಲ್ಲ ಅದರಿಂದಲೇ ಉರಿಯತೊಡಗಿದವು. ಮುಂದಿನ ದಶಕಗಳಲ್ಲಿ ಸರ್ಕಾರದ ಬೊಕ್ಕಸಕ್ಕೆ ಸುಮಾರು 36 ಸಾವಿರ ಕೋಟಿ ಯೂರೋ ಹರಿದುಬಂತು. ಅನಿಲ ಬರಿದಾದಂತೆ ಒತ್ತಡ ಇಳಿದು ಮರಳುಗಲ್ಲು ಅಮುಕಿಕೊಂಡಿತು. ಮೇಲಿನ ನೆಲ ಕೆಲವೆಡೆ 30 ಸೆಂ.ಮೀ.ಗೂ ಹೆಚ್ಚು ಕುಸಿಯಿತು; ಹಳೆಯ ಬಿರುಕುಗಳುದ್ದಕ್ಕೂ ಶಿಲೆ ಜಾರಿ ಭೂಮಿ ಕಂಪಿಸತೊಡಗಿತು. ಅನಿಲಕ್ಕೂ ಕಂಪನಕ್ಕೂ ನಂಟಿದೆ ಎಂದು ಅಧಿಕೃತವಾಗಿ ಒಪ್ಪಿಕೊಂಡದ್ದು 1993ರಲ್ಲಿ. ಆದರೂ ಅದನ್ನು ಸಣ್ಣಪುಟ್ಟ ನಷ್ಟದ ಲೆಕ್ಕಕ್ಕೇ ಸೇರಿಸಲಾಯಿತು.

2012ರ ಆಗಸ್ಟ್ 16ರ ರಾತ್ರಿ ಹೌಜಿಂಗೆಯಲ್ಲಿ 3.6 ತೀವ್ರತೆಯ ಕಂಪನವಾಯಿತು. ಸಂಖ್ಯೆ ಸಣ್ಣದೆನಿಸಬಹುದು, ಆದರೆ ಕಂಪನದ ಮೂಲ ಕೇವಲ 3 ಕಿ.ಮೀ. ಆಳದಲ್ಲಿತ್ತು, ಮೇಲೆ ಅದುರುವಿಕೆಯನ್ನು ಹಿಗ್ಗಿಸುವ ಮೆತ್ತನೆಯ ಜೇಡಿನೆಲವಿತ್ತು, ಅದರ ಮೇಲೆ ಭೂಕಂಪವನ್ನು ಕನಸಿನಲ್ಲೂ ಎಣಿಸದೆ ಕಟ್ಟಿದ ಇಟ್ಟಿಗೆ ಗೋಡೆಗಳಿದ್ದವು. ಮರುವರ್ಷದ ಜನವರಿಯಲ್ಲಿ ಸರ್ಕಾರದ ಗಣಿ ಮೇಲ್ವಿಚಾರಕರು ಉತ್ಪಾದನೆಯನ್ನು ಸಾಧ್ಯವಾದಷ್ಟು ಬೇಗ ತಗ್ಗಿಸಬೇಕೆಂದು ಸಲಹೆ ಕೊಟ್ಟರು. ಆ 2013ರಲ್ಲಿ ತೆಗೆದ ಅನಿಲ ಸುಮಾರು 5,400 ಕೋಟಿ ಘನ ಮೀಟರ್, ಹಿಂದಿನ ವರ್ಷಕ್ಕಿಂತಲೂ ಹೆಚ್ಚು. ಸಲಹೆಗೂ ಈ ಅಂಕಿಗೂ ನಡುವೆ ಏನಾಯಿತೆಂಬುದನ್ನು ಹಲವರು ಹಲವು ಬಗೆಯಲ್ಲಿ ವಿವರಿಸಿದ್ದಾರೆ. ಬಿರುಕುಬಿಟ್ಟ ಗೋಡೆಯ ಪಕ್ಕದಲ್ಲಿ ಮಲಗಿದವರಿಗೆ ಯಾವ ವಿವರಣೆಯೂ ಸಾಲಲಿಲ್ಲ. ಬಿರುಕು ಅನಿಲದಿಂದಲೇ ಆದದ್ದೆಂದು ರುಜುವಾತುಪಡಿಸುವ ಹೊರೆ ಮನೆಯವರ ಹೆಗಲಿನಿಂದ ಕಾನೂನಿನ ಮೂಲಕ ಇಳಿದದ್ದು 2016ರ ಕೊನೆಯಲ್ಲಿ.

2018ರ ಜನವರಿಯಲ್ಲಿ ನೆರೆಯ ಝೇರೈಪ್‌ನಲ್ಲಿ 3.4 ತೀವ್ರತೆಯ ಕಂಪನವಾದ ಮೇಲೆ, ಉತ್ಪಾದನೆಯನ್ನೇ ನಿಲ್ಲಿಸುವ ತೀರ್ಮಾನವಾಯಿತು. ಗ್ರೋನಿಂಗನ್ ಜನರ ಹಿತವನ್ನು ವ್ಯವಸ್ಥಿತವಾಗಿ ಕಡೆಗಣಿಸಲಾಗಿತ್ತೆಂದು ಸಂಸದೀಯ ವಿಚಾರಣೆ 2023ರಲ್ಲಿ ವರದಿ ಕೊಟ್ಟಿತು. ಅದೇ ವರ್ಷದ ಅಕ್ಟೋಬರ್ 1ರಂದು ಉತ್ಪಾದನೆ ನಿಂತಿತು, 2024ರಲ್ಲಿ ಮುಚ್ಚುವಿಕೆಗೆ ಕಾನೂನಿನ ಮುದ್ರೆ ಬಿತ್ತು. ಆಳದಲ್ಲಿ ಉಳಿದ ಒತ್ತಡದ ಏರುಪೇರು ಸಮನಾಗಲು ವರ್ಷಗಳು ಬೇಕು. ಆವರೆಗೆ ಆಗಾಗ ನೆಲ ಅದುರುತ್ತಲೇ ಇರುತ್ತದೆ. ಮನೆಗಳನ್ನು ಬಲಪಡಿಸುವ ಕೆಲಸವೂ ಇನ್ನೂ ಮುಗಿದಿಲ್ಲ.