ಮೆಕಾಟ್ರಾನಿಕ್ಸ್ ಲ್ಯಾಬ್: ಮುಚ್ಚಿದ ಕಿಟ್‌ನಿಂದ ಬ್ರೆಡ್‌ಬೋರ್ಡ್‌ವರೆಗೆ

ಮೆಕ್ಯಾನಿಕಲ್ ಓದುವವರಿಗೆ ಎಲೆಕ್ಟ್ರಾನಿಕ್ಸ್ ಯಾಕೆ ಅಂತ ಈಗ ಯಾರೂ ಕೇಳುವುದಿಲ್ಲ. ವಾಷಿಂಗ್ ಮೆಷಿನ್ ಬಿಚ್ಚಿದರೂ ಮೋಟರ್, ಸೆನ್ಸರ್, ಪ್ರೋಗ್ರಾಂ ಮೂರೂ ಒಟ್ಟಿಗೇ ಸಿಗುತ್ತವೆ. ಇದಕ್ಕೆ ಮೆಕಾಟ್ರಾನಿಕ್ಸ್ ಅಂತ ಹೆಸರಿಟ್ಟವರು ಜಪಾನಿನ ಯಾಸ್ಕಾವಾ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್ ತೆತ್ಸುರೋ ಮೋರಿ, 1969ರಲ್ಲಿ. ವಿಷಯ ಹುಟ್ಟಿದ್ದೇ ಕಾರ್ಖಾನೆಯಲ್ಲಿ.

ನಮ್ಮ ಕಾಲೇಜುಗಳಿಗೆ ಮಾತ್ರ ಅದು ಥಿಯರಿಯಾಗಿ ಬಂತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2010ರ ಸ್ಕೀಮ್‌ನಲ್ಲಿ ಮೆಕ್ಯಾನಿಕಲ್‌ನವರಿಗೆ ಮೆಕಾಟ್ರಾನಿಕ್ಸ್ ಮತ್ತು ಮೈಕ್ರೊಪ್ರೊಸೆಸರ್ ಅನ್ನುವ ಪೇಪರ್ ಇತ್ತು. ಬ್ಲಾಕ್ ಡಯಾಗ್ರಾಂ ಬರೆಯಲು ಬಂದರೆ ಅರ್ಧ ಗೆದ್ದಂತೆ. ಲ್ಯಾಬ್ ಇದ್ದ ಕಡೆ 8085 ಟ್ರೇನರ್ ಕಿಟ್, ಅಂದರೆ 8085 ಮೈಕ್ರೊಪ್ರೊಸೆಸರ್ ಕಲಿಸುವ, ಕೀಲಿಗಳಿರುವ ಸಿದ್ಧ ಪೆಟ್ಟಿಗೆ. ಸಂಖ್ಯೆ ತುಂಬಿಕೋ ಅನ್ನುವ ಕೋಡ್ 3ಇ ಒತ್ತಿ, ಸಂಖ್ಯೆ ಒತ್ತಿ, ಕೊನೆಗೆ ನಿಲ್ಲು ಅನ್ನುವ ಕೋಡ್ 76 ಒತ್ತಿದರೆ ಉತ್ತರ ಬರುತ್ತಿತ್ತು. ಒಳಗಿನ ವೈರಿಂಗ್ ಕಂಪನಿಯವರೇ ಮಾಡಿಟ್ಟಿದ್ದು. ರೀಡಿಂಗ್ ಸರಿ ಬಂತು, ರೆಕಾರ್ಡ್‌ಗೆ ಸಹಿ ಬಿತ್ತು, ಮುಗೀತು.

ಚಿತ್ರ ಬದಲಾಗಿದ್ದು 2005ರಲ್ಲಿ ಇಟಲಿಯ ಇವ್ರೆಯಾದಲ್ಲಿ ಆರ್ಡುಯಿನೊ ಅನ್ನುವ, ಸುಲಭವಾಗಿ ಪ್ರೋಗ್ರಾಂ ಮಾಡಬಹುದಾದ ಪುಟ್ಟ ಬೋರ್ಡ್ ಬಂದ ಮೇಲೆ. ಮಾಡಿದ್ದು ಡಿಸೈನ್ ವಿದ್ಯಾರ್ಥಿಗಳಿಗಾಗಿ. ಜಾಸ್ತಿ ಲಾಭ ಆಗಿದ್ದು ಎಂಜಿನಿಯರಿಂಗ್‌ನವರಿಗೆ, ತಮಾಷೆ ಅಲ್ವಾ? ಇತ್ತ ಐಐಟಿ ಬಾಂಬೆಯ ಇ-ಯಂತ್ರ ಯೋಜನೆ ಕಾಲೇಜುಗಳಲ್ಲಿ ರೊಬೊಟಿಕ್ಸ್ ಲ್ಯಾಬ್ ಹಾಕಿಸಿ, ಮೇಷ್ಟ್ರುಗಳಿಗೂ ತರಬೇತಿ ಕೊಟ್ಟಿತು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಬೋರ್ಡ್, ಮೋಟರ್, ಮೋಟರ್‌ಗೆ ಕರೆಂಟ್ ಕೊಡುವ ಡ್ರೈವರ್, ಬೆಸುಗೆಯಿಲ್ಲದೆ ವೈರ್ ಚುಚ್ಚಿ ಸರ್ಕ್ಯೂಟ್ ಕಟ್ಟುವ ಬ್ರೆಡ್‌ಬೋರ್ಡ್ ಎಲ್ಲ ಬಿಡಿಯಾಗಿ ಸಿಗತೊಡಗಿದವು.

ಬಿಡಿ ಸಾಮಾನಿನ ನಿಜವಾದ ಲಾಭ ಅಗ್ಗವಾಗಿರುವುದಲ್ಲ, ಕೈಕೊಡುವುದು. ಬೋರ್ಡ್‌ಗೂ ಮೋಟರ್‌ಗೂ ಒಂದೇ ಬ್ಯಾಟರಿ ಕೊಟ್ಟು ನೋಡಿ. ಮೋಟರ್ ಶುರುವಾಗುವಾಗ ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ಕುಸಿಯುತ್ತದೆ, ಬೋರ್ಡ್ ರೀಸೆಟ್ ಆಗುತ್ತದೆ, ಮೋಟರ್ ನಿಲ್ಲುತ್ತದೆ. ಕೂಡಲೇ ಪ್ರೋಗ್ರಾಂ ಮತ್ತೆ ಮೊದಲಿಂದ. ನೋಡುವವರಿಗೆ ಮೋಟರ್ ಸುಮ್ನೆ ಬಿಟ್ಟು ಬಿಟ್ಟು ನಡುಗಿದಂತೆ ಕಾಣುತ್ತದೆ. ಎಲ್ಲರೂ ತಪ್ಪು ಹುಡುಕುವುದು ಕೋಡ್‌ನಲ್ಲಿ! ಮೋಟರ್‌ಗೆ ಬೇರೆ ಸಪ್ಲೈ ಕೊಟ್ಟು, ಎರಡರ ಗ್ರೌಂಡ್ (ಮೈನಸ್ ತಂತಿ) ಸೇರಿಸಿದರೆ ಸರಿಹೋಗುತ್ತದೆ. ಆಮೇಲೆ ಎಲ್298 ಡ್ರೈವರ್ ತಾನೇ ಸುಮಾರು 2 ವೋಲ್ಟ್ ನುಂಗುವುದು ಗೊತ್ತಾಗುತ್ತದೆ: 6 ವೋಲ್ಟ್ ಕೊಟ್ಟರೆ ಮೋಟರ್‌ಗೆ ಸಿಗುವುದು 4ರ ಆಸುಪಾಸು. ಮುಚ್ಚಿದ ಕಿಟ್‌ನಲ್ಲಿ ಇದ್ಯಾವುದೂ ಕಣ್ಣಿಗೆ ಬೀಳುತ್ತಿರಲಿಲ್ಲ.

ಈಗಿನ ತೊಡಕು ಟೈಮ್‌ಟೇಬಲ್. ಇಂಥ ತಪ್ಪು ಹುಡುಕಲು ಒಂದು ಲ್ಯಾಬ್ ಪೀರಿಯಡ್ ಸಾಲುವುದಿಲ್ಲ. ವಾರಕ್ಕೊಂದು ಎಕ್ಸ್‌ಪೆರಿಮೆಂಟ್ ಮುಗಿಸುವ ಬದಲು, ಒಂದು ಬ್ಯಾಚಿಗೆ ಒಂದೇ ಮೋಟರ್ ಕೊಟ್ಟು ಸೆಮಿಸ್ಟರ್ ಪೂರ್ತಿ ಅದರ ಮೇಲೇ ಕೆಲಸ ಮಾಡಿಸಬಹುದು: ಮೊದಲು ಓಡಿಸುವುದು, ಆಮೇಲೆ ಎನ್‌ಕೋಡರ್‌ನಿಂದ (ತಿರುಗುವಿಕೆ ಎಣಿಸುವ ಸೆನ್ಸರ್) ವೇಗ ಅಳೆಯುವುದು, ಕೊನೆಗೆ ಪಿಐಡಿ, ಅಂದರೆ ಅಳೆದ ವೇಗ ನೋಡಿ ಬೇಕಾದ ವೇಗಕ್ಕೆ ತಾನೇ ಸರಿಪಡಿಸಿಕೊಳ್ಳುವ ಲೆಕ್ಕ. ಹಾಗೆ ಮಾಡುವುದಾದರೆ ಬಿಚ್ಚದ ಸೆಟಪ್ ಇಡಲು ಬ್ಯಾಚಿಗೊಂದು ಬೀರು ಬೇಕು. ಬಜೆಟ್‌ನಲ್ಲಿ ಅದನ್ನೂ ಬರೆದುಕೊಳ್ಳಿ.