ಅಪ್ಪ ಹೋದ ಮೇಲೆ ಯಾವ ಕಾಗದ, ಯಾತಕ್ಕೆ: ಪ್ರೊಬೇಟ್, ವಾರಸುದಾರಿಕೆ, ಪೌತಿ ಖಾತೆ

ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಅಮ್ಮ ಮತ್ತು ನಾನು ಸಕಲೇಶಪುರದ ಒಂದು ಬ್ಯಾಂಕಿಗೆ ಹೋಗಿ ಅಪ್ಪನ ಠೇವಣಿಯ ಬಗ್ಗೆ ಕೇಳಿದೆವು. ಕೌಂಟರಿನಲ್ಲಿದ್ದವರು ಪುಸ್ತಕ ನೋಡಿ, "ನಾಮಿನಿ ಹೆಸರಿಲ್ಲ. ಪ್ರೊಬೇಟ್ ತಗೊಂಡು ಬನ್ನಿ" ಎಂದರು. ಹೊರಗೆ ಬಂದ ಮೇಲೆ ಅಮ್ಮ, "ಅದ್ಯಾವ ಕಾಗದ ಕಣೇ? ತಾಲ್ಲೂಕು ಆಫೀಸಿನಲ್ಲಿ ಕೊಡ್ತಾರಾ?" ಎಂದು ಕೇಳಿದಳು. ನನಗೂ ಗೊತ್ತಿರಲಿಲ್ಲ. ಮೂರು ತಿಂಗಳು ಸುಮ್ನೆ ಅಲೆದೆವು. ಅಪ್ಪ ವಿಲ್ ಬರೆದಿರಲಿಲ್ಲ. ಪ್ರೊಬೇಟ್ ಅಂದರೆ ವಿಲ್ ಸರಿಯಾದದ್ದೆಂದು ಕೋರ್ಟು ಕೊಡುವ ಕಾಗದ, ವಿಲ್ ಇಲ್ಲದ ಮನೆಗೆ ಅದು ಸಿಗುವುದೇ ಇಲ್ಲ ಎಂದು ತಿಳಿದದ್ದು ಹಾಸನಕ್ಕೆ ಬಂದು ಕಾನೂನು ಓದಲು ಶುರು ಮಾಡಿದ ಮೇಲೆ.

ಜೊತೆಯಲ್ಲಿ ಓದುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉತ್ತರಾಧಿಕಾರದ ಪಾಠದಲ್ಲಿ ಹತ್ತಾರು ಕಾಗದಗಳ ಹೆಸರು ಬರುತ್ತವೆ, ಎಲ್ಲವೂ ಒಂದೇ ಥರ ಕೇಳಿಸುತ್ತವೆ ಅಲ್ವಾ? ನನಗೆ ಆ ಗಂಟು ಬಿಚ್ಚಿದ್ದು ಒಂದು ಮಾತಿನಿಂದ: ಹಕ್ಕು ಬೇರೆ, ಕಾಗದ ಬೇರೆ. ಉಸಿರು ನಿಂತ ಗಳಿಗೆಯಲ್ಲೇ ಹಕ್ಕು ವಾರಸುದಾರರಿಗೆ ಬಂದಾಯಿತು. ಅದಕ್ಕೆ ಯಾರ ಸಹಿಯೂ ಬೇಡ. ಆಮೇಲೆ ನಾವು ಓಡಾಡಿ ತರುವ ಕಾಗದಗಳೆಲ್ಲ ಆ ಹಕ್ಕನ್ನು ಯಾರಿಗೋ ತೋರಿಸುವುದಕ್ಕೆ. ಬ್ಯಾಂಕಿಗೆ ತೋರಿಸುವುದು ಒಂದು, ತಹಶೀಲ್ದಾರರಿಗೆ ತೋರಿಸುವುದು ಇನ್ನೊಂದು.

ಮೊದಲು ಬೇಕಾಗುವುದು ಮರಣ ಪ್ರಮಾಣಪತ್ರ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ 21 ದಿನದೊಳಗೆ ಸಾವನ್ನು ನೋಂದಾಯಿಸಬೇಕು. ತಡವಾದರೆ ದಂಡ, ಅನುಮತಿ ಎಂದು ಕೆಲಸ ಬೆಳೆಯುತ್ತದೆ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಹೆಸರನ್ನು ಆಗಲೇ ಸರಿಯಾಗಿ ನೋಡಿಕೊಳ್ಳಿ. ನಮ್ಮಪ್ಪನಿಗೆ ಪಹಣಿಯಲ್ಲಿ ಒಂದು ಇನಿಷಿಯಲ್, ಪಾಸ್‌ಬುಕ್ಕಿನಲ್ಲಿ ಎರಡು. ಇಬ್ಬರೂ ಒಬ್ಬರೇ ಎಂದು ಹೋದಲ್ಲೆಲ್ಲ ಅಫಿಡವಿಟ್ ಕೊಡಬೇಕಾಯಿತು.

ಆಮೇಲೆ ನಾಡಕಚೇರಿಯಿಂದ ವಂಶವೃಕ್ಷ. ಮನೆಯಲ್ಲಿ ಯಾರು ಯಾರು ಇದ್ದಾರೆ ಎಂದು ಅದು ಹೇಳುತ್ತದೆ. ಯಾರಿಗೆ ಎಷ್ಟು ಪಾಲು ಎಂದು ಹೇಳುವುದಿಲ್ಲ.

ಪಾಲಿನ ಲೆಕ್ಕ

ಇಲ್ಲಿ ಸ್ವಲ್ಪ ನಿಲ್ಲೋಣ. ಪರೀಕ್ಷೆಯಲ್ಲೂ ಮನೆಗಳಲ್ಲೂ ಜಾಸ್ತಿ ತಪ್ಪಾಗುವುದು ಇಲ್ಲೇ.

ನಮ್ಮ ಮನೆಯದ್ದೇ ಲೆಕ್ಕ ತೆಗೆದುಕೊಳ್ಳಿ. ಅಪ್ಪ ತಾನೇ ದುಡಿದು ಕೊಂಡ ಎರಡು ಎಕರೆ ಕಾಫಿ ತೋಟ. ವಿಲ್ ಇಲ್ಲ. ಉಳಿದವರು ಅಮ್ಮ, ನಾನು, ತಂಗಿ, ತಮ್ಮ, ಮತ್ತು ಅಪ್ಪನ ತಾಯಿ, ಅಂದರೆ ನಮ್ಮಜ್ಜಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಕಲಂ 8 ಮತ್ತು 10ರಂತೆ ಈ ಐವರೂ ಮೊದಲ ವರ್ಗದ ವಾರಸುದಾರರು, ಅಂದರೆ ಎಲ್ಲರಿಗಿಂತ ಮೊದಲು ಪಾಲು ಪಡೆಯುವವರು. ಒಬ್ಬೊಬ್ಬರಿಗೂ ಐದರಲ್ಲಿ ಒಂದು ಪಾಲು. ಊರಲ್ಲಿ ಎಲ್ಲರೂ ಬರೆದುಕೊಟ್ಟ ಪಟ್ಟಿಯಲ್ಲಿ ಅಜ್ಜಿಯ ಹೆಸರೇ ಇರಲಿಲ್ಲ. "ಅವರಿಗೇನು, ಕೂತು ಉಣ್ಣೋ ವಯಸ್ಸು" ಎಂದರು. ಮಗನನ್ನು ಕಳೆದುಕೊಂಡ ತಾಯಿಯನ್ನು ಕಾಯ್ದೆ ಮರೆತಿಲ್ಲ, ಮರೆಯುವುದು ನಾವು. ಇನ್ನೊಂದು ಗಮನಿಸಿ: ತಾಯಿ ಮೊದಲ ವರ್ಗದಲ್ಲಿದ್ದಾಳೆ, ತಂದೆ ಎರಡನೇ ವರ್ಗದಲ್ಲಿ. ತಾತ ಬದುಕಿದ್ದರೂ ಇಲ್ಲಿ ಅವರಿಗೆ ಪಾಲು ಬರುತ್ತಿರಲಿಲ್ಲ.

ಮುಂದೆ ಅಜ್ಜಿ ವಿಲ್ ಮಾಡದೆ ತೀರಿಕೊಂಡರೆ ಅವರ ಪಾಲು ಕಲಂ 15ರಂತೆ ಅವರ ಮಕ್ಕಳಿಗೆಲ್ಲ ಹೋಗುತ್ತದೆ. ತೀರಿಕೊಂಡ ಮಗನ ಲೆಕ್ಕದಲ್ಲಿ ನಮಗೆ ಮೂವರಿಗೆ ಒಂದು ಭಾಗ, ಉಳಿದದ್ದು ಚಿಕ್ಕಪ್ಪನಿಗೆ, ಅತ್ತೆಯರಿಗೆ. ಅಂದರೆ ಅಪ್ಪನ ತೋಟದಲ್ಲಿ ಅವರಿಗೂ ಹಕ್ಕು ಹುಟ್ಟುತ್ತದೆ. ಅಜ್ಜಿ ಇರುವಾಗಲೇ ಎಲ್ಲರೂ ಕೂತು ಮಾತಾಡಿದರೆ ಒಳ್ಳೆಯದು ಅನ್ನುವುದು ಇದಕ್ಕೇ.

ಹೆಣ್ಣುಮಕ್ಕಳ ಪಾಲು 2005ರಲ್ಲಿ ಬಂತು ಎಂದು ಎಲ್ಲರೂ ಹೇಳುತ್ತಾರೆ. ಪೂರ್ತಿ ಸರಿಯಲ್ಲ. ಅಪ್ಪನ ಸ್ವಯಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು 1956ರಿಂದಲೇ ಇದೆ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದದ್ದು ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು. ನಮ್ಮ ರಾಜ್ಯ 1994ರಲ್ಲೇ ತಿದ್ದುಪಡಿ ತಂದಿತ್ತು, ಆದರೆ ಆಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, 2005ಕ್ಕೆ ಮೊದಲೇ ಅಪ್ಪ ತೀರಿಕೊಂಡಿದ್ದರೂ ಮಗಳಿಗೆ ಈ ಹಕ್ಕು ಉಂಟು ಎಂದಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಅಥವಾ ಕೋರ್ಟಿನಿಂದ ಆದ ಪಾಲುಗಳನ್ನು ಮಾತ್ರ ಕೆದಕುವಂತಿಲ್ಲ.

ಹಾಗೆಯೇ ತಾತನಿಂದ ಬಂದದ್ದೆಲ್ಲ ಪಿತ್ರಾರ್ಜಿತ ಎಂದು ಬರೆಯಬೇಡಿ. ತಾತನ ಸ್ವಂತ ಆಸ್ತಿ 1956ರ ನಂತರ ಕಲಂ 8ರಂತೆ ಅಪ್ಪನಿಗೆ ಬಂದಿದ್ದರೆ, ಅಪ್ಪನ ಕೈಯಲ್ಲಿ ಅದು ಅವನ ಸ್ವಂತದ್ದೇ. 1986ರ ಚಂದರ್ ಸೇನ್ ತೀರ್ಪನ್ನು ಓದಿ, ಅಲ್ಲಿ ಬಿಡಿಸಿ ಹೇಳಿದ್ದಾರೆ.

ವಿಲ್ ಇದ್ದರೆ

ವಿಲ್ ಬಿಳೀ ಹಾಳೆಯ ಮೇಲೆ ಬರೆದರೂ ನಡೆಯುತ್ತದೆ. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಕಡ್ಡಾಯ ಇರುವುದು ಭಾರತೀಯ ಉತ್ತರಾಧಿಕಾರ ಕಾಯ್ದೆಯ ಕಲಂ 63ರಲ್ಲಿ ಹೇಳಿದ್ದು: ಬರೆದವರ ಸಹಿ ಅಥವಾ ಹೆಬ್ಬೆಟ್ಟು, ಮತ್ತು ಅದನ್ನು ಕಂಡ ಅಥವಾ ಅವರ ಬಾಯಿಂದ ಕೇಳಿದ ಇಬ್ಬರು ಸಾಕ್ಷಿಗಳ ಸಹಿ. ಕೋರ್ಟಿನಲ್ಲಿ ಸಾಬೀತು ಮಾಡುವಾಗ ಆ ಇಬ್ಬರಲ್ಲಿ ಒಬ್ಬರಾದರೂ ಬಂದು ಹೇಳಬೇಕು. ಅದಕ್ಕೇ ವಿಲ್‌ಗೆ ಸಾಕ್ಷಿ ಹಾಕಿಸುವಾಗ ತಮಗಿಂತ ಚಿಕ್ಕ ವಯಸ್ಸಿನವರನ್ನು ಕರೆಯಬೇಕು. ಗೆಳೆಯರು ಎಂದು ಎಂಬತ್ತು ದಾಟಿದವರಿಂದ ಸಹಿ ಹಾಕಿಸಿದರೆ ಮುಂದೆ ಮಕ್ಕಳಿಗೆ ಕಷ್ಟ.

ವಿಲ್ ಬಗ್ಗೆ ದೇಶದ ಕೋರ್ಟುಗಳೆಲ್ಲ ಇವತ್ತಿಗೂ ಎತ್ತಿ ಹೇಳುವ ತೀರ್ಪು ನಮ್ಮ ಮೈಸೂರು ಸೀಮೆಯಿಂದ ಹೋದದ್ದು, ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ. 1959ರ ವರದಿಗಳಲ್ಲಿದೆ. ವಿಲ್‌ನಿಂದ ದೊಡ್ಡ ಲಾಭ ಪಡೆಯುವವನೇ ಮುಂದೆ ನಿಂತು ಅದನ್ನು ಬರೆಸಿದ್ದರೆ ಅದು ಅನುಮಾನದ ಸಂಗತಿ. ಆ ಅನುಮಾನವನ್ನು ಕಳೆಯುವ ಹೊಣೆ ವಿಲ್ ತಂದವನದ್ದೇ. ಈ ಒಂದು ತೀರ್ಪನ್ನು ಪೂರ್ತಿ ಓದಿದರೆ ಅರ್ಧ ಪಾಠ ಓದಿದ ಹಾಗೆ.

ಈಗ ಪ್ರೊಬೇಟ್. ವಿಲ್‌ನ ಪ್ರತಿಗೆ ಕೋರ್ಟು ಮೊಹರು ಹಾಕಿ, ಇದು ಸರಿಯಾದ ಕೊನೆಯ ವಿಲ್ ಎಂದು ಕೊಡುವುದೇ ಪ್ರೊಬೇಟ್. ವಿಲ್‌ನಲ್ಲಿ ಎಕ್ಸಿಕ್ಯೂಟರ್, ಅಂದರೆ ಅದನ್ನು ಜಾರಿಗೆ ತರುವವರು, ಎಂದು ಹೆಸರಿಸಿದವರಿಗೆ ಮಾತ್ರ ಇದು ಸಿಗುತ್ತದೆ. ವಿಲ್ ಇದೆ, ಎಕ್ಸಿಕ್ಯೂಟರ್ ಹೆಸರಿಲ್ಲ ಅಂದರೆ ವಿಲ್ ಲಗತ್ತಿಸಿದ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್, ಅಂದರೆ ಆಸ್ತಿ ನೋಡಿಕೊಳ್ಳಲು ಕೋರ್ಟು ಕೊಡುವ ಅಧಿಕಾರ ಪತ್ರ, ಕೇಳಬೇಕು. ಸಾವಾಗಿ 7 ದಿನ ಕಳೆಯದೆ ಪ್ರೊಬೇಟ್ ಕೊಡುವಂತಿಲ್ಲ, ಲೆಟರ್ಸ್‌ಗೆ 14 ದಿನ. ಯಾರಾದರೂ ತಕರಾರು ಎತ್ತಿದರೆ ಅರ್ಜಿಯೇ ದಾವೆಯ ಹಾಗೆ ನಡೆಯುತ್ತದೆ. ಒಂದು ಸೂಕ್ಷ್ಮ: ಪ್ರೊಬೇಟ್ ಕೋರ್ಟು ವಿಲ್ ನಿಜವೇ ಎಂದಷ್ಟೇ ನೋಡುತ್ತದೆ. ತೋಟ ಸತ್ತವರದ್ದೇ ಆಗಿತ್ತೇ ಎಂದು ನೋಡುವುದಿಲ್ಲ.

ನಮ್ಮ ಕಡೆ ಪ್ರೊಬೇಟ್ ಬೇಕೇ ಬೇಕೇ? ಹಿಂದೂಗಳಿಗೆ ಅದು ಕಡ್ಡಾಯವಿದ್ದದ್ದು ಹಳೇ ಬಂಗಾಳ ಪ್ರಾಂತ್ಯದಲ್ಲಿ, ಮತ್ತು ಮದ್ರಾಸ್, ಬಾಂಬೆ ನಗರಗಳಲ್ಲಿ. ಮುಂಬೈಯಲ್ಲಿ ಮನೆ ಇದ್ದವರಿಗೆ ಅದು ತಟ್ಟುತ್ತಿತ್ತು. ಹಾಸನದ ಸೈಟಿಗೂ ಮೂಡಿಗೆರೆಯ ತೋಟಕ್ಕೂ ತಟ್ಟಿದ್ದಿಲ್ಲ. ಕಡ್ಡಾಯ ಮಾಡಿದ್ದ, ಭಾರತೀಯ ಉತ್ತರಾಧಿಕಾರ ಕಾಯ್ದೆಯ ಕಲಂ 213ನ್ನು ಸಂಸತ್ತು 2025ರ ಕೊನೆಯಲ್ಲಿ ತೆಗೆದೇ ಹಾಕಿತು. ಹಾಗಿದ್ದರೂ ಅಣ್ಣತಮ್ಮಂದಿರ ನಡುವೆ ಅನುಮಾನ ಇದ್ದು, ಸಾಕ್ಷಿಗಳಿಗೆ ವಯಸ್ಸಾಗಿದ್ದರೆ ಪ್ರೊಬೇಟ್ ತೆಗೆದಿಡುವುದೇ ಜಾಣತನ ಎಂದು ನನಗನ್ನಿಸುತ್ತದೆ. ಒಮ್ಮೆ ಸಿಕ್ಕಿದರೆ ಅದು ಎಲ್ಲರನ್ನೂ ಕಟ್ಟಿಹಾಕುತ್ತದೆ.

ಬ್ಯಾಂಕು, ನಾಮಿನಿ

ವಿಲ್ ಇಲ್ಲ, ಬ್ಯಾಂಕಿನಲ್ಲಿ ಹಣ ಇದೆ. ಆಗ ಬೇಕಾಗುವುದು ಉತ್ತರಾಧಿಕಾರ ಪ್ರಮಾಣಪತ್ರ, ಎಲ್ಲರ ಬಾಯಲ್ಲಿ ಸಕ್ಸೆಷನ್ ಸರ್ಟಿಫಿಕೇಟ್. ಅದೇ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಕಲಂ 372. ಸತ್ತವರು ವಾಸವಿದ್ದ ಊರಿನ ವ್ಯಾಪ್ತಿಯ ಕೋರ್ಟಿನಲ್ಲಿ ಅರ್ಜಿ. ಇದು ಬರಬೇಕಾದ ಸಾಲ, ಠೇವಣಿ, ಷೇರುಗಳಿಗೆ ಮಾತ್ರ. ತೋಟಕ್ಕೆ, ಮನೆಗೆ ಇದನ್ನು ಕೇಳಿದರೆ ಅರ್ಜಿ ನಿಲ್ಲುವುದಿಲ್ಲ. ಬ್ಯಾಂಕು ಇದನ್ನು ಕೇಳುವುದು ನಮ್ಮ ಪಾಲು ತೀರ್ಮಾನಿಸಲು ಅಲ್ಲ. ಈ ಪತ್ರ ನಂಬಿ ಹಣ ಕೊಟ್ಟರೆ ಕಲಂ 381ರಂತೆ ಬ್ಯಾಂಕಿನ ಹೊಣೆ ಅಲ್ಲಿಗೆ ಮುಗಿಯುತ್ತದೆ. ಅದಕ್ಕೆ ಕೇಳುತ್ತಾರೆ.

ಈಗ ಸಣ್ಣ ಮೊತ್ತಕ್ಕೆ ಕೋರ್ಟಿಗೆ ಹೋಗಬೇಕಾಗಿಲ್ಲ. ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನದಂತೆ, ನಾಮಿನಿ ಇಲ್ಲದಿದ್ದರೂ, ಜಗಳ ಇಲ್ಲದಿದ್ದರೆ, 15 ಲಕ್ಷದವರೆಗೆ ಸರಳ ಕಾಗದಗಳ ಮೇಲೆ ಹಣ ಕೊಡಬೇಕು. ಸಹಕಾರಿ ಬ್ಯಾಂಕುಗಳಿಗೆ ಆ ಮಿತಿ 5 ಲಕ್ಷ. ಕಾಗದ ಪೂರ್ತಿ ಕೊಟ್ಟ ಮೇಲೆ 15 ದಿನದಲ್ಲಿ ಕೆಲಸ ಮುಗಿಸಬೇಕು. ನಮ್ಮ ಮನೆಯ ಕಥೆ ಅದಕ್ಕಿಂತ ಹಿಂದಿನದು.

ನಾಮಿನಿ ಇದ್ದರೆ? ಅಪ್ಪನ ವಿಮೆಗೆ ತಮ್ಮ ನಾಮಿನಿ. "ದುಡ್ಡೆಲ್ಲ ಅವನದ್ದೇ" ಎಂದು ನೆಂಟರು ಹೇಳಿದರು. ಅಲ್ಲ. ನಾಮಿನಿ ಹಣ ಕೈಗೆ ತೆಗೆದುಕೊಳ್ಳುವವನು, ಕಾನೂನಿನ ವಾರಸುದಾರರ ಪರವಾಗಿ. ಸರ್ಬತಿ ದೇವಿ ಪ್ರಕರಣದಲ್ಲಿ 1983ರಲ್ಲೇ ಸುಪ್ರೀಂ ಕೋರ್ಟ್ ಹೀಗೆಂದಿತು. 2023ರಲ್ಲಿ ಷೇರುಗಳಿಗೂ ಇದನ್ನೇ ಹೇಳಿತು. ವಿಮಾ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಗಿ ಹೆಂಡತಿ, ಮಕ್ಕಳು, ತಂದೆತಾಯಿ ನಾಮಿನಿಯಾದರೆ ಹಣ ಅವರದ್ದೇ ಎಂಬ ವಾದ ಹುಟ್ಟಿತು. ನಮ್ಮ ಹೈಕೋರ್ಟು 2025ರಲ್ಲಿ ಅದನ್ನು ಒಪ್ಪಲಿಲ್ಲ, ವಾರಸುದಾರರು ಪಾಲು ಕೇಳಿದರೆ ಕೊಡಬೇಕು ಎಂದಿತು. ತಮ್ಮ ಹಣ ಬಂದ ದಿನವೇ ಅಮ್ಮನ ಕೈಗೆ ಕೊಟ್ಟ. ಅವನಿಗೆ ಈ ತೀರ್ಪುಗಳು ಗೊತ್ತಿರಲಿಲ್ಲ.

ಪೌತಿ ಖಾತೆ

ಪೌತಿ ಅಂದರೆ ಸಾವು. ಅರಬ್ಬಿಯಿಂದ ಪಾರ್ಸಿ ದಾರಿಯಲ್ಲಿ ನಮ್ಮ ಕಂದಾಯ ಕಚೇರಿಗೆ ಬಂದ ಪದ. ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಪಹಣಿ ಬದಲಾಗುವುದೇ ಪೌತಿ ಖಾತೆ. 1964ರ ಭೂ ಕಂದಾಯ ಕಾಯ್ದೆಯ ಕಲಂ 128ರಂತೆ ಮೂರು ತಿಂಗಳಲ್ಲಿ ವರದಿ ಕೊಡಬೇಕು. ಮರಣ ಪತ್ರ, ವಂಶವೃಕ್ಷ ಜೊತೆಗಿರಲಿ. ನೋಟಿಸ್ ಹೊರಡುತ್ತದೆ, ತಕರಾರು ಬರದಿದ್ದರೆ ಎಂ.ಆರ್., ಅಂದರೆ ಹಕ್ಕು ಬದಲಾವಣೆಯ ದಾಖಲೆ, ಆಗಿ ಪಹಣಿಯಲ್ಲಿ ಹೆಸರು ಬರುತ್ತದೆ.

ಮಲೆನಾಡಿನಲ್ಲಿ ಎಷ್ಟೋ ತೋಟಗಳು ಇನ್ನೂ ಮುತ್ತಜ್ಜನ ಹೆಸರಲ್ಲೇ ಇವೆ. ಸಾಲ ಬೇಕಾದಾಗ, ಬೆಳೆ ಪರಿಹಾರ ಬಂದಾಗ ಆ ಮನೆಯವರು ಪಡುವ ಪಾಡು ನೋಡಿದ್ದೇನೆ. ಮೂರು ತಲೆಮಾರಿನ ಸಾವುಗಳನ್ನು ಒಟ್ಟಿಗೆ ಸಾಬೀತು ಮಾಡಬೇಕು.

ಆದರೆ ಖಾತೆ ಒಡೆತನ ಕೊಡುವುದಿಲ್ಲ. ಪಹಣಿಯಲ್ಲಿ ತಮ್ಮನ ಹೆಸರೊಂದೇ ಬಂದರೂ ನನ್ನ, ತಂಗಿಯ, ಅಜ್ಜಿಯ ಪಾಲು ಹೋಗುವುದಿಲ್ಲ. ಪಾಲು ಬಿಡಬೇಕಾದರೆ ನೋಂದಣಿಯಾದ ಹಕ್ಕು ಖುಲಾಸೆ ಪತ್ರವೇ ಆಗಬೇಕು. ಖಾತೆ ಬದಲಿಗೆ ಒಪ್ಪಿಗೆ ಎಂದು ತಂದ ಕಾಗದಕ್ಕೆ ಸಹಿ ಮಾಡುವ ಮುಂಚೆ, ಅದರ ತಲೆಬರಹ ಓದಿ ಎಂದು ಮದುವೆಯಾಗಿ ಹೋದ ಅಕ್ಕತಂಗಿಯರಿಗೆಲ್ಲ ಹೇಳುತ್ತೇನೆ. ಮೈನರ್ ಮಕ್ಕಳ ಪಾಲನ್ನು ಮಾರುವಾಗ ಕೋರ್ಟಿನ ಅನುಮತಿ ಬೇಕು ಎಂಬುದೂ ನೆನಪಿರಲಿ.

ಸಾಲದ ವಿಷಯ ಚಿಕ್ಕದು. ಅಪ್ಪನ ಸಾಲಕ್ಕೆ ಅವನಿಂದ ಬಂದ ಆಸ್ತಿಯ ಮಟ್ಟಿಗೆ ನಾವು ಹೊಣೆ. ನಾವೇ ಜಾಮೀನು ಹಾಕಿರದಿದ್ದರೆ, ನಮ್ಮ ಸ್ವಂತ ದುಡಿಮೆಯನ್ನು ಮುಟ್ಟುವಂತಿಲ್ಲ. ಆಸ್ತಿ ಬಂದದ್ದಕ್ಕೆ ತೆರಿಗೆಯೂ ಇಲ್ಲ, ಸತ್ತವರ ಆಸ್ತಿಯ ಮೇಲೆ ಹಾಕುತ್ತಿದ್ದ ಎಸ್ಟೇಟ್ ಡ್ಯೂಟಿ 1985ರಲ್ಲೇ ಹೋಯಿತು.

ವಕೀಲರ ಫೀಸಿಗೆ ಹೆದರಿ ಅಮ್ಮ ಒಂದು ವರ್ಷ ಕೋರ್ಟಿನ ಕಡೆ ಹೋಗಿರಲಿಲ್ಲ. 1987ರ ಕಾನೂನು ಸೇವೆಗಳ ಕಾಯ್ದೆಯ ಕಲಂ 12ರಂತೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, 15100ಕ್ಕೆ ಫೋನ್ ಮಾಡಿದರೂ ಆಯಿತು. ಅಮ್ಮನ ಸಕ್ಸೆಷನ್ ಅರ್ಜಿ ಹಾಗೆಯೇ ಹೋಯಿತು. ಅರ್ಜಿಯಲ್ಲಿ ಐದನೆಯ ಹೆಸರಾಗಿ ಅಜ್ಜಿಯನ್ನು ಸೇರಿಸಿದೆವು.